ಸಾಲಗಾಮೆ ರಸ್ತೆಯ ಎರಡು ಗೇಟುಗಳು

ಹಾಸನ ನಗರದಿಂದ ಸಾಲಗಾಮೆ ಕಡೆಗೆ ಹೊರಡುವ ರಸ್ತೆಯಲ್ಲಿ ಎರಡು ದೊಡ್ಡ ಗೇಟುಗಳಿವೆ. ಒಂದು 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನದು. ಇನ್ನೊಂದು ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರದ್ದು. ಊರವರ ಬಾಯಲ್ಲಿ ಅದು ಬರೀ ಎಂಸಿಎಫ್. ಮೊದಲ ಗೇಟಿನೊಳಕ್ಕೆ ಪ್ರತಿವರ್ಷ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಎರಡನೆಯದರೊಳಗೆ ಹಗಲು ರಾತ್ರಿ ಪಾಳಿಯಲ್ಲಿ ಕೂತವರು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದಿಟ್ಟಿರುತ್ತಾರೆ.

ಒಂದು ಗೇಟಿನಿಂದ ಇನ್ನೊಂದಕ್ಕೆ ಬೈಕಿನಲ್ಲಿ ಕೆಲವೇ ನಿಮಿಷದ ದಾರಿ. ಆದರೆ ಕೊಣನೂರಿನ ಸುತ್ತಲಿನ ಹಳ್ಳಿಯಲ್ಲಿ ಹೊಗೆಸೊಪ್ಪು ಪೋಣಿಸುವ ಕೂಲಿಯವರ ಮಗಳಿಗೆ, ಚನ್ನರಾಯಪಟ್ಟಣದ ತೋಟದಲ್ಲಿ ತೆಂಗಿನಕಾಯಿ ಸುಲಿಯುವವರ ಮಗನಿಗೆ ಈ ದಾರಿ ಸವೆಯಲು ಎಷ್ಟು ತಲೆಮಾರು ಬೇಕು? ವಿಜ್ಞಾನ ಮತ್ತು ತಂತ್ರಜ್ಞಾನದ ಕೆಲಸಗಳಲ್ಲಿ ಎಲ್ಲರಿಗೂ ಪಾಲು ಸಿಗಬೇಕು ಎಂಬ ಮಾತು ಜಗತ್ತಿನ ಎಲ್ಲ ಕಡೆ ಕೇಳುತ್ತಿರುವಾಗ, ಅದನ್ನು ಅಳೆದು ನೋಡಲು ಇದಕ್ಕಿಂತ ಹತ್ತಿರದ ಜಾಗ ನನಗೆ ಕಾಣುವುದಿಲ್ಲ.

ಅಮೆರಿಕದಲ್ಲಿ ಈ ಚರ್ಚೆ ಚರ್ಮದ ಬಣ್ಣದ ಸುತ್ತ ನಡೆಯುತ್ತದೆ. ನಮ್ಮಲ್ಲಿ ಗೆರೆ ಎಳೆದಿರುವುದು ಜಾತಿ. ಎರಡೂ ಹುಟ್ಟಿನಿಂದಲೇ ಅಂಟುವಂಥವು, ಓದಿನಿಂದ ತೊಳೆದು ಹೋಗದಂಥವು. 2001ರಲ್ಲಿ ವಿಶ್ವಸಂಸ್ಥೆ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಜನಾಂಗಭೇದದ ವಿರುದ್ಧ ಸಮ್ಮೇಳನ ನಡೆಸಿದಾಗ, ಜಾತಿಯನ್ನೂ ಕಾರ್ಯಸೂಚಿಗೆ ಸೇರಿಸಿ ಎಂದು ದಲಿತ ಸಂಘಟನೆಗಳು ಪಟ್ಟು ಹಿಡಿದಿದ್ದವು. ಭಾರತ ಸರ್ಕಾರ ಒಪ್ಪಲಿಲ್ಲ. ಸರ್ಕಾರ ಒಪ್ಪದಿದ್ದರೇನು, ಹೋಲಿಕೆ ತಾನಾಗಿಯೇ ಎದ್ದು ಕಾಣುತ್ತದೆ.

ಕಕ್ಷೆ ಲೆಕ್ಕ ಹಾಕಿದವರು

ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ಕಪ್ಪು ಮಹಿಳೆಯರ ಒಂದು ಗುಂಪಿತ್ತು. ಕಂಪ್ಯೂಟರ್ ಯಂತ್ರ ಬರುವ ಮೊದಲು ಅಲ್ಲಿನ ಲೆಕ್ಕಗಳನ್ನು ಕೈಯಲ್ಲಿ ಮಾಡುತ್ತಿದ್ದವರು ಅವರು. ಅವರಿಗೆ ಕೂರಲು ಬೇರೆ ಕಟ್ಟಡ, ಊಟಕ್ಕೆ ಬೇರೆ ಮೇಜು. 1958ರಲ್ಲಿ ನಾಸಾ ರೂಪುಗೊಂಡಾಗಲೇ ಆ ಪ್ರತ್ಯೇಕ ವಿಭಾಗ ಮುಚ್ಚಿದ್ದು. ಅವರಲ್ಲೊಬ್ಬರಾದ ಕ್ಯಾಥರೀನ್ ಜಾನ್ಸನ್ 1962ರಲ್ಲಿ ಜಾನ್ ಗ್ಲೆನ್ ಭೂಮಿ ಸುತ್ತುವ ಮುನ್ನ ಯಂತ್ರ ಕೊಟ್ಟ ಕಕ್ಷೆಯ ಲೆಕ್ಕವನ್ನು ಮತ್ತೆ ಕೈಯಲ್ಲಿ ಮಾಡಿ ಸರಿ ನೋಡಿದರು. ಅವರ ಸಹೋದ್ಯೋಗಿ ಮೇರಿ ಜಾಕ್ಸನ್ ಎಂಜಿನಿಯರ್ ಆಗಬೇಕೆಂದರೆ ಸಂಜೆ ತರಗತಿಗೆ ಹೋಗಬೇಕಿತ್ತು. ತರಗತಿ ನಡೆಯುತ್ತಿದ್ದುದು ಬಿಳಿಯರಿಗೆ ಮೀಸಲಾದ ಶಾಲೆಯಲ್ಲಿ. ಒಳಗೆ ಕಾಲಿಡಲು ಅವರು ಹ್ಯಾಂಪ್ಟನ್ ನಗರಾಡಳಿತದ ವಿಶೇಷ ಅನುಮತಿ ಬೇಡಬೇಕಾಯಿತು. ಗಣಿತ ಬಲ್ಲವಳು, ಬಾಗಿಲಲ್ಲಿ ನಿಂತು ಅನುಮತಿ ಕೇಳಬೇಕು. 2020ರಲ್ಲಿ ನಾಸಾದ ಪ್ರಧಾನ ಕಚೇರಿಗೇ ಅವರ ಹೆಸರಿಟ್ಟರು.

ಹಾಸನದ ಕೆಲಸವೂ ಇಂಥದ್ದೇ: ಕಕ್ಷೆಯ ಲೆಕ್ಕ. 1982ರಲ್ಲಿ ಇನ್ಸಾಟ್-1ಎ ಉಪಗ್ರಹಕ್ಕಾಗಿ ಎಂಸಿಎಫ್ ತಲೆ ಎತ್ತಿತು. ಆ ಉಪಗ್ರಹ ಏಪ್ರಿಲ್‌ನಲ್ಲಿ ಹಾರಿ ಸೆಪ್ಟೆಂಬರ್‌ಗೆಲ್ಲ ಕೈಬಿಟ್ಟು ಹೋಯಿತು. 1983ರ ಆಗಸ್ಟ್‌ನಲ್ಲಿ ಚಾಲೆಂಜರ್ ನೌಕೆ ಇನ್ಸಾಟ್-1ಬಿಯನ್ನು ಬಾನಿಗೆ ಬಿಟ್ಟಾಗ ಅದರ ಸೌರಫಲಕ ಬಿಚ್ಚಿಕೊಳ್ಳದೆ ಎಲ್ಲರ ಎದೆ ಡವಗುಟ್ಟಿತ್ತು. ವಾರಗಟ್ಟಲೆ ಹೆಣಗಿದ ಮೇಲೆ ಬಿಚ್ಚಿತು. ಆಮೇಲೆ ಹಳ್ಳಿ ಹಳ್ಳಿಯ ಮನೆಗಳ ಮೇಲೆ ಟಿವಿ ಆಂಟೆನಾ ಎದ್ದ ಕಥೆ ಎಲ್ಲರಿಗೂ ಗೊತ್ತು.

2011ರ ಜುಲೈ 15ರಂದು ಪಿಎಸ್‌ಎಲ್‌ವಿ-ಸಿ17 ರಾಕೆಟ್ ಜಿಸ್ಯಾಟ್-12 ಅನ್ನು 284 ಕಿ.ಮೀ.ಗೆ 21,000 ಕಿ.ಮೀ.ಯ ಕಕ್ಷೆಯಲ್ಲಿ ಬಿಟ್ಟು ಕೈತೊಳೆದುಕೊಂಡಿತು. ಅಲ್ಲಿಂದ ಹಂತ ಹಂತವಾಗಿ ಎಂಜಿನ್ ಉರಿಸಿ ಮೇಲಕ್ಕೆ ಕೊಂಡೊಯ್ಯುವ ಕೆಲಸ ಹಾಸನದ್ದು. ಆ ಯೋಜನೆಯ ನಿರ್ದೇಶಕಿ ಟಿ.ಕೆ. ಅನುರಾಧಾ. ಅವರ ಜತೆ ಹೊಣೆಯ ಸ್ಥಾನಗಳಲ್ಲಿ ಇನ್ನಿಬ್ಬರು ಮಹಿಳೆಯರಿದ್ದರು. ಇಸ್ರೊದಲ್ಲಿ ಹೆಣ್ಣುಮಕ್ಕಳ ಮುಂದಿದ್ದ ಗೋಡೆಯೊಂದು ಅಂದು ಬಿದ್ದಿತು. ಅದು ಬಿದ್ದದ್ದಕ್ಕೆ ಹಾಸನ ಸಾಕ್ಷಿಯಾಯಿತು. ಆ ಸುದ್ದಿಯನ್ನು ಓದುವಾಗ ಇಂದಿಗೂ ಸಂತೋಷವಾಗುತ್ತದೆ. ಸಂತೋಷದ ಜತೆಗೇ ಇನ್ನೊಂದು ಪ್ರಶ್ನೆ ಏಳುತ್ತದೆ. ಹೆಣ್ಣು ಎಂಬ ಗೋಡೆ ದಾಟಿದವರ ಚಿತ್ರ ಪತ್ರಿಕೆಗಳಲ್ಲಿ ಬಂತು. ಜಾತಿಯ ಗೋಡೆ ದಾಟಿ ಆ ಕುರ್ಚಿಯವರೆಗೆ ಬಂದವರ ಚಿತ್ರ ನಾವು ಎಷ್ಟು ಸಲ ನೋಡಿದ್ದೇವೆ?

ನೂರು ವರ್ಷದ ಹಿಂದಿನ ವಾದ

ಪ್ರತಿಭೆಯೋ ಪ್ರಾತಿನಿಧ್ಯವೋ ಎಂಬ ಜಗಳ ಮೈಸೂರು ಸೀಮೆಗೆ ಹೊಸದಲ್ಲ. ಇಷ್ಟು ಮೊದಲು, ಇಷ್ಟು ನೇರವಾಗಿ ಆ ಮಾತು ಬಂದ ಸೀಮೆಗಳು ದೇಶದಲ್ಲಿ ಕೆಲವೇ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಒಟ್ಟಾಗಿ ಸರ್ಕಾರದ ಹುದ್ದೆಗಳೆಲ್ಲ ಒಂದೇ ಸಮುದಾಯದ ಕೈಯಲ್ಲಿವೆ ಎಂದು ಮಹಾರಾಜರ ಬಳಿ ಅಹವಾಲು ಹೇಳಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟಾದರೂ, ಕೆಳಗಿನವುಗಳಲ್ಲಿ ಮೂರನೆಯ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಎಂದು ಸಮಿತಿ 1919ರಲ್ಲಿ ಹೇಳಿತು.

ಸಮಿತಿ ನೇಮಕವಾದಾಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯ. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆ, 1916ರ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಎಲ್ಲವೂ ಅವರ ಕಾಲದವು. ಓದಿನ ಬಾಗಿಲು ಅಗಲ ಮಾಡುವುದರಲ್ಲಿ ಅವರಷ್ಟು ದುಡಿದವರು ಕಡಿಮೆ. ಆದರೆ ಹುದ್ದೆಯನ್ನು ಹುಟ್ಟಿನ ಲೆಕ್ಕದಲ್ಲಿ ಹಂಚುವುದಕ್ಕೆ ಅವರ ಮನಸ್ಸು ಒಪ್ಪಲಿಲ್ಲ. ದಕ್ಷತೆ ಕುಸಿಯುತ್ತದೆ ಎಂಬುದು ಅವರ ಆತಂಕ. 1918ರ ಕೊನೆಗೆ ದಿವಾನಗಿರಿ ಬಿಟ್ಟರು. ಸೆಪ್ಟೆಂಬರ್ 15ರಂದು ಪ್ರತಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರ ಚಿತ್ರಕ್ಕೆ ಹಾರ ಹಾಕುತ್ತೇವೆ. ಹಾರ ಹಾಕುವ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಆ ಕಾಲೇಜಿಗೆ ಬಂದದ್ದು ಅವರು ಒಪ್ಪದ ಆ ವಾದ ತೆರೆದ ದಾರಿಯಿಂದ. ಎರಡೂ ಸತ್ಯ. ಎರಡನ್ನೂ ಹೇಳಿಕೊಡುವ ಧೈರ್ಯ ನಮ್ಮ ಕಾಲೇಜುಗಳಿಗೆ ಬರಬೇಕು.

ದಕ್ಷತೆ ಕುಸಿಯಿತೇ? ಹಾಸನ ಜಿಲ್ಲೆಯನ್ನೇ ನೋಡಿ. ಮಿಲ್ಲರ್ ಕಾಲದಲ್ಲಿ ಹಿಂದುಳಿದವರೆಂದು ಮೊರೆ ಇಟ್ಟವರ ಮೊಮ್ಮಕ್ಕಳು ಇವತ್ತು ಇಲ್ಲಿನ ಅಣೆಕಟ್ಟು, ರಸ್ತೆ, ಆಸ್ಪತ್ರೆ ಕಟ್ಟಿದ ಎಂಜಿನಿಯರುಗಳು, ಡಾಕ್ಟರುಗಳು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ 1933ರಲ್ಲಿ ಒಬ್ಬ ರೈತನ ಮಗ ಹುಟ್ಟಿದರು. ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದರು, 1962ರಲ್ಲಿ ಪಕ್ಷೇತರರಾಗಿ ವಿಧಾನಸಭೆಗೆ ಗೆದ್ದರು, 1996ರಲ್ಲಿ ಪ್ರಧಾನಿಯಾದರು. ಎಚ್.ಡಿ. ದೇವೇಗೌಡರ ರಾಜಕೀಯದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಹತ್ತಿರದಲ್ಲೊಂದು ಪಾಲಿಟೆಕ್ನಿಕ್ ಇದ್ದದ್ದು ಎಷ್ಟು ದೊಡ್ಡ ಮಾತು ಎಂಬುದಕ್ಕೆ ಅವರ ಡಿಪ್ಲೊಮಾ ಒಳ್ಳೆಯ ಪುರಾವೆ.

ಪಾಲಿಟೆಕ್ನಿಕ್‌ಗೆ ಸಿಗಬೇಕಾದ ಗೌರವವನ್ನು ನಾವು ಇನ್ನೂ ಕೊಟ್ಟಿಲ್ಲ. ಐಐಟಿ, ಎನ್‌ಐಟಿಗಳ ಗದ್ದಲದಲ್ಲಿ ಅದರ ಹೆಸರು ಯಾರೂ ಎತ್ತುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗು ಕನ್ನಡ ಮಾಧ್ಯಮದಿಂದಲೇ ಬಂದು ಮೂರು ವರ್ಷ ಡಿಪ್ಲೊಮಾ ಓದುತ್ತದೆ. ವರ್ಕ್‌ಶಾಪಿನಲ್ಲಿ ಕೈ ಪಳಗುತ್ತದೆ, ಇಂಗ್ಲಿಷ್ ನಿಧಾನಕ್ಕೆ ಕಿವಿಗೆ ಬೀಳುತ್ತದೆ. ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ‘ಲ್ಯಾಟರಲ್ ಎಂಟ್ರಿ’ ಪಡೆಯುತ್ತದೆ. ಕೋಚಿಂಗ್‌ಗೆ ಲಕ್ಷ ಸುರಿಯಲಾಗದ ಮನೆಗಳಿಗೆ ಇದು ಮೆಟ್ಟಿಲು. ಹೊಳೆನರಸೀಪುರ, ಚನ್ನರಾಯಪಟ್ಟಣದಲ್ಲಿ ಪಾಲಿಟೆಕ್ನಿಕ್‌ಗಳು ಬಂದದ್ದರಿಂದ ಆದ ಬದಲಾವಣೆ ಯಾವ ವರದಿಯಲ್ಲೂ ಪೂರ್ತಿ ಸಿಗದು. ಅಲ್ಲಿಂದ ಹೊರಬಿದ್ದವರು ವಿದ್ಯುತ್ ನಿಗಮದಲ್ಲಿ, ಲೋಕೋಪಯೋಗಿ ಇಲಾಖೆಯಲ್ಲಿ, ಬೆಂಗಳೂರಿನ ಕಾರ್ಖಾನೆಗಳಲ್ಲಿ ಮನೆಯ ಮೊದಲ ಸಂಬಳ ಎಣಿಸಿದ್ದಾರೆ.

ಮೆಟ್ಟಿಲಿಗೆ ಮುಂಚೆ ಇನ್ನೊಂದು ಬೇಕು: ರಾತ್ರಿ ಊಟ, ದೀಪ, ಮಲಗಲು ಜಾಗ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಯಿತು. ಅಂಬೇಡ್ಕರ್ ಆಗ ವೈಸ್‌ರಾಯ್ ಮಂಡಳಿಯಲ್ಲಿದ್ದರು. 1970ರ ದಶಕದಲ್ಲಿ ದೇವರಾಜ ಅರಸು ಹಿಂದುಳಿದವರಿಗೆ ಹಾಸ್ಟೆಲ್‌ಗಳನ್ನು ತೆರೆದರು. ಆಮೇಲೆ ಹೊಳೆನರಸೀಪುರ ತಾಲ್ಲೂಕಿನ ಮಾವಿನಕೆರೆಯಲ್ಲಿ ನವೋದಯ ವಿದ್ಯಾಲಯ ಬಂತು. ಅಲ್ಲಿ ಮುಕ್ಕಾಲು ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಪಾಲು ಹೆಣ್ಣುಮಕ್ಕಳಿಗೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಬಂದವು. ಹಾಸ್ಟೆಲ್ಲಿನ ತಿಳಿಸಾರು, ಮುದ್ದೆಯ ಬಗ್ಗೆ ಗೊಣಗದ ಹಳೆಯ ವಿದ್ಯಾರ್ಥಿ ಸಿಗುವುದಿಲ್ಲ. ಅದಿಲ್ಲದಿದ್ದರೂ ಓದುತ್ತಿದ್ದೆ ಎನ್ನುವವರೂ ಸಿಗುವುದಿಲ್ಲ.

1975ರಲ್ಲಿ ನಡೆದ ಮೂರು ಸಂಗತಿ

ಆ ವರ್ಷವನ್ನು ತುರ್ತು ಪರಿಸ್ಥಿತಿಗಾಗಿ ನೆನಪಿಟ್ಟುಕೊಂಡಿದ್ದೇವೆ. ಈ ಲೇಖನದ ವಿಷಯಕ್ಕೆ ಅದೇ ವರ್ಷದ ಇನ್ನು ಮೂರು ತಾರೀಖುಗಳು ಮುಖ್ಯ.

ಏಪ್ರಿಲ್ 19ರಂದು ಆರ್ಯಭಟ ಉಪಗ್ರಹ ಸೋವಿಯತ್ ನೆಲದಿಂದ ಹಾರಿತು. ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಎಳೆಯ ಎಂಜಿನಿಯರುಗಳು ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಹಾಸನದ ಎಂಸಿಎಫ್ ಸಾಧ್ಯವಾದದ್ದು ಆ ಶೆಡ್ಡುಗಳಿಂದ.

ನವೆಂಬರ್‌ನಲ್ಲಿ ಎಲ್.ಜಿ. ಹಾವನೂರು ಆಯೋಗ ತನ್ನ ವರದಿಯನ್ನು ಅರಸು ಸರ್ಕಾರಕ್ಕೆ ಒಪ್ಪಿಸಿತು. ಯಾವ ಜಾತಿಯಲ್ಲಿ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾರೆ ಎಂಬುದನ್ನೂ ಅಳತೆಗೋಲಾಗಿ ಹಿಡಿದು, ಹಿಂದುಳಿದಿರುವಿಕೆ ಎಂದರೇನು ಎಂದು ಅದು ಊರೂರು ಸುತ್ತಿ ಹುಡುಕಿತ್ತು. ಕರ್ನಾಟಕದ ಕಾಲೇಜು ಸೀಟುಗಳ ಹಂಚಿಕೆ ಅಲ್ಲಿಂದಾಚೆ ಬೇರೆಯಾಯಿತು.

ಇವೆರಡರ ನಡುವೆ, ಜೂನ್ 23ರಂದು, ದೆಹಲಿಯಲ್ಲಿ ಒಂದು ಕಚೇರಿ ಆದೇಶ ಹೊರಬಿತ್ತು. ಕೇಂದ್ರ ಸರ್ಕಾರದ ವೈಜ್ಞಾನಿಕ ಮತ್ತು ತಾಂತ್ರಿಕ ಹುದ್ದೆಗಳಲ್ಲಿ ಗ್ರೂಪ್ ಎ ದರ್ಜೆಯ ಅತ್ಯಂತ ಕೆಳಗಿನ ಮೆಟ್ಟಿಲಿಗಿಂತ ಮೇಲಿರುವವು, ಅವುಗಳಲ್ಲೂ ಸಂಶೋಧನೆ ಮಾಡುವ ಅಥವಾ ಸಂಶೋಧನೆಗೆ ಮಾರ್ಗದರ್ಶನ ನೀಡುವಂಥವು ಮೀಸಲಾತಿಯಿಂದ ಹೊರಗೆ ಎಂದು ಅದು ಹೇಳಿತು. ಪತ್ರಿಕೆಗಳಲ್ಲಿ ದಪ್ಪ ಅಕ್ಷರದ ಸುದ್ದಿಯಾಗುವಂಥದ್ದಲ್ಲ ಅದು. ಎರಡು ದಿನಕ್ಕೆ ತುರ್ತು ಪರಿಸ್ಥಿತಿಯೇ ಬಂತು. ಆದರೆ ಆ ಆದೇಶದ ಬಾಳಿಕೆ ದೊಡ್ಡದು.

ಪ್ರಯೋಗಾಲಯದ ಮೊದಲ ಮೆಟ್ಟಿಲಿಗೆ ಬಾ, ಎರಡನೆಯದರಿಂದ ಮೇಲೆ ನಿನ್ನ ಪಾಡು ನಿನ್ನದು ಎಂಬುದು ಅದರ ಅರ್ಥ. ವಿಜ್ಞಾನದ ಅಸಲು ಕೆಲಸ ನಡೆಯುವುದು ಆ ಮೇಲಿನ ಮೆಟ್ಟಿಲುಗಳಲ್ಲಿ. ಯಾವ ಪ್ರಶ್ನೆ ಕೇಳಬೇಕು, ಯಾವ ಯೋಜನೆಗೆ ಹಣ, ಯಾರನ್ನು ಮುಂದಿನ ತಂಡಕ್ಕೆ ತೆಗೆದುಕೊಳ್ಳಬೇಕು ಎಂಬ ತೀರ್ಮಾನಗಳೆಲ್ಲ ಅಲ್ಲಿಯವು. ಸಂಶೋಧನೆಗೆ ಮೀಸಲಾತಿ ಒಗ್ಗದು ಎಂಬ ನಂಬಿಕೆ ವಿಶ್ವೇಶ್ವರಯ್ಯನವರ 1918ರ ಆತಂಕದ ಮುಂದುವರಿಕೆಯೇ. ಆ ಆತಂಕ ಸುಳ್ಳೆಂದು ಅಣೆಕಟ್ಟು ಕಟ್ಟಿದವರು, ಆಪರೇಷನ್ ಮಾಡಿದವರು ತೋರಿಸಿ ಅರ್ಧ ಶತಮಾನ ಕಳೆದ ಮೇಲೂ ವಿಜ್ಞಾನಕ್ಕೆ ಮಾತ್ರ ಬೇರೆ ನಿಯಮ ಉಳಿಯಿತು.

2019ರಲ್ಲಿ ಕೇಂದ್ರೀಯ ಶಿಕ್ಷಣ ಸಂಸ್ಥೆಗಳ ಬೋಧಕ ಹುದ್ದೆಗಳಿಗೆ ಮೀಸಲಾತಿ ಕಾಯ್ದೆ ಬಂದಾಗ ಅದಕ್ಕೂ ಒಂದು ಪಟ್ಟಿ ಅಂಟಿಕೊಂಡಿತು: ಕಾಯ್ದೆ ಅನ್ವಯಿಸದ ಸಂಸ್ಥೆಗಳ ಪಟ್ಟಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ತಿರುವನಂತಪುರದ ಬಾಹ್ಯಾಕಾಶ ಭೌತವಿಜ್ಞಾನ ಪ್ರಯೋಗಾಲಯ, ನಮ್ಮದೇ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಅದರಲ್ಲಿವೆ. 2023ರ ಜನವರಿಯಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ದೇಶದ ಮುಂಚೂಣಿ ವಿಜ್ಞಾನ ಸಂಸ್ಥೆಗಳ ಪೂರ್ಣ ಪ್ರಾಧ್ಯಾಪಕರಲ್ಲಿ ದಲಿತ, ಆದಿವಾಸಿ ಸಮುದಾಯದವರ ಪಾಲು ಶೇ 1ನ್ನೂ ಮುಟ್ಟಿರಲಿಲ್ಲ.

ಓದು ಬಂತು, ಕೆಲಸ ಬೇರೆಡೆಗೆ ಹೋಯಿತು

ಎಚ್‌ಎಎಲ್ 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬೆಂಗಳೂರಿನಲ್ಲಿ ತಲೆ ಎತ್ತಿದವು. ಹಾಸನದ ಹಳ್ಳಿಗಳಿಂದ ರೈಲು, ಬಸ್ಸು ಹತ್ತಿ ಹೋದ ಎರಡು ತಲೆಮಾರಿಗೆ ತಂತ್ರಜ್ಞಾನ ಎಂದರೆ ಈ ಕಾರ್ಖಾನೆಗಳೇ. ಅವು ಸರ್ಕಾರಿ ಉದ್ದಿಮೆಗಳಾದ್ದರಿಂದ ಮೀಸಲಾತಿ ಇತ್ತು, ಕ್ವಾರ್ಟರ್ಸ್ ಇತ್ತು, ಮಕ್ಕಳಿಗೆ ಶಾಲೆ ಇತ್ತು. ದಲಿತ ಕುಟುಂಬಗಳಲ್ಲಿ ಇವತ್ತು ಎಂಜಿನಿಯರ್ ಆಗಿರುವ ಅನೇಕರ ಅಪ್ಪಂದಿರು ಈ ಕಾರ್ಖಾನೆಗಳ ಸಮವಸ್ತ್ರ ತೊಟ್ಟವರು.

ಹಾವನೂರು ವರದಿಯ ಫಲವಾಗಿ ಕಾಲೇಜಿನ ಸೀಟು ಸಿಕ್ಕವರು ಪದವಿ ಹಿಡಿದು ಹೊರಬರುವ ಹೊತ್ತಿಗೆ ಆ ಕಾರ್ಖಾನೆಗಳು ಬಡವಾಗುತ್ತಿದ್ದವು. 1991ರ ನಂತರ ಕೆಲಸ ಬೆಳೆದದ್ದು ಖಾಸಗಿ ಸಾಫ್ಟ್‌ವೇರ್ ಕಂಪನಿಗಳಲ್ಲಿ. ಅಲ್ಲಿ ಮೀಸಲಾತಿ ಇಲ್ಲ. ಇದು ಯಾರ ಸಂಚೂ ಅಲ್ಲ. ಆದರೆ ಕಾಲದ ಈ ಹೊಂದಿಕೆ ಒಂದು ತಲೆಮಾರಿಗೆ ತುಂಬ ದುಬಾರಿಯಾಯಿತು.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕ್ಯಾರಲ್ ಉಪಾಧ್ಯ ಸಾಫ್ಟ್‌ವೇರ್ ಉದ್ಯೋಗಿಗಳ ಬಗ್ಗೆ ಅಧ್ಯಯನ ಮಾಡಿ 2007ರಲ್ಲಿ ಬರೆದರು. ಈ ಉದ್ಯಮ ತಾನು ನೋಡುವುದು ಪ್ರತಿಭೆಯನ್ನಷ್ಟೇ ಎಂದುಕೊಂಡರೂ, ಅಲ್ಲಿರುವವರು ಹೆಚ್ಚಾಗಿ ನಗರದ, ಮಧ್ಯಮ ವರ್ಗದ, ಮೇಲು ಜಾತಿಗಳವರು ಎಂಬುದು ಅವರಿಗೆ ಕಂಡದ್ದು. ಸೋಸುವ ಜರಡಿ ಇಂಗ್ಲಿಷ್ ಮಾತು, ಹಾವಭಾವ, ‘ಕಮ್ಯುನಿಕೇಷನ್ ಸ್ಕಿಲ್’. ಅದೇ ವರ್ಷ ಸುಖದೇವ್ ಥೋರಾಟ್ ಮತ್ತು ಪಾಲ್ ಆಟ್‌ವೆಲ್ ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ಬಗೆಯ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿದಾಗ, ದಲಿತ ಅಥವಾ ಮುಸ್ಲಿಂ ಹೆಸರಿದ್ದವರಿಗೆ ಸಂದರ್ಶನದ ಕರೆ ಬರುವ ಸಾಧ್ಯತೆ ಕಡಿಮೆ ಎಂದು ತಿಳಿಯಿತು.

ಒಳ್ಳೆಯ ಯತ್ನಗಳೂ ನಡೆದವು. 2006ರ ಸುಮಾರಿಗೆ ಇನ್ಫೊಸಿಸ್, ಬೆಂಗಳೂರಿನ ಐಐಐಟಿ ಜತೆ ಸೇರಿ ಹಿಂದುಳಿದ ಹಿನ್ನೆಲೆಯ ಎಂಜಿನಿಯರಿಂಗ್ ಪದವೀಧರರಿಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟಿತು. ಬಹಳ ಮಂದಿಗೆ ಕೆಲಸ ಸಿಕ್ಕಿತು. ಕಾಲೇಜು ಕೊಡದೇ ಹೋದ ಕೆಲವೇ ತಿಂಗಳ ಗಮನ ಆ ಮಕ್ಕಳನ್ನು ಬಾಗಿಲು ದಾಟಿಸಿತು. ಅಂಥ ತರಬೇತಿ ಪ್ರತಿ ಕಂಪನಿಯ ಪ್ರತಿವರ್ಷದ ರೂಢಿಯಾಗಬೇಕಿತ್ತು, ಆಗಲಿಲ್ಲ.

ಜಾತಿಯ ಗೆರೆ ಸಮುದ್ರ ದಾಟಿಯೂ ಹೋಯಿತು. 2020ರಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆ ಸಿಸ್ಕೊ ಕಂಪನಿಯ ಮೇಲೆ ದಾವೆ ಹೂಡಿತು. ಐಐಟಿಯಲ್ಲಿ ಓದಿದ್ದ ದಲಿತ ಎಂಜಿನಿಯರ್ ಒಬ್ಬರು ಮೀಸಲಾತಿಯಲ್ಲಿ ಸೀಟು ಪಡೆದವರೆಂದು ಮೇಲಧಿಕಾರಿಯೇ ಸಹೋದ್ಯೋಗಿಗಳಿಗೆ ಹೇಳಿದರು ಎಂಬುದು ಆರೋಪಗಳಲ್ಲೊಂದು. ಕಂಪನಿ ಅದನ್ನು ಅಲ್ಲಗಳೆಯಿತು. 2023ರಲ್ಲಿ ಮೇಲಧಿಕಾರಿಗಳಿಬ್ಬರ ಮೇಲಿನ ದಾವೆಯನ್ನು ಇಲಾಖೆ ಕೈಬಿಟ್ಟಿತು. ಅದೇ ವರ್ಷ ಫೆಬ್ರುವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರವಾಯಿತು. ಕ್ಯಾಲಿಫೋರ್ನಿಯಾ ಶಾಸನಸಭೆ ಒಪ್ಪಿದ ಅಂಥದ್ದೇ ಮಸೂದೆಗೆ ಗವರ್ನರ್ ಸಹಿ ಹಾಕಲಿಲ್ಲ. ನಮ್ಮೂರಿನಿಂದ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡದ ಕುಟುಂಬಗಳು ಬಣ್ಣದ ಕಾರಣಕ್ಕೆ ತಮಗಾಗುವ ನೋವನ್ನು ಚೆನ್ನಾಗಿ ಬಲ್ಲವು. ಆ ನೋವು ಬಲ್ಲವರಿಂದ ಈ ವಿಷಯದಲ್ಲಿ ಇನ್ನೂ ಗಟ್ಟಿಯಾದ ದನಿ ಬರಬೇಕೆಂದು ನಿರೀಕ್ಷಿಸುವುದು ತಪ್ಪಲ್ಲ.

ಗುಡಿಯ ಹೊಸ್ತಿಲು, ಲ್ಯಾಬಿನ ಬೆಂಚು

2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯ ಸುದ್ದಿ ರಾಜ್ಯದಾದ್ಯಂತ ಚರ್ಚೆಯಾಯಿತು. ಸ್ತ್ರೀಶಕ್ತಿ ಸಂಘದ ದಲಿತ ಮಹಿಳೆಯರು ಊರ ಬಸವೇಶ್ವರ ಗುಡಿಯೊಳಗೆ ಹೋದರೆಂದು ದಂಡ ಹಾಕಿದ್ದರು. 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ಪೊಲೀಸರ ಕಾವಲಿನಲ್ಲಿ ದಲಿತರು ಮೊದಲ ಬಾರಿಗೆ ಗುಡಿ ಪ್ರವೇಶಿಸಿದರು. ಆ ಹೊತ್ತಿನಲ್ಲೂ ಅದೇ ಜಿಲ್ಲೆಯ ನೆಲದಿಂದ ಉಪಗ್ರಹಗಳಿಗೆ ಆಜ್ಞೆ ಹೋಗುತ್ತಿತ್ತು.

ಇದನ್ನು ಬೇರೆ ಬೇರೆ ವಿಷಯ ಎಂದು ಪಕ್ಕಕ್ಕಿಡಲು ಬರುವುದಿಲ್ಲ. ವಿಜ್ಞಾನ ಒಂಟಿಯಾಗಿ ಕೂತು ಕಲಿಯುವ ವಿದ್ಯೆಯಲ್ಲ. ಲ್ಯಾಬಿನಲ್ಲಿ ಒಂದೇ ಬೆಂಚು, ಒಂದೇ ಉಪಕರಣ, ಇಬ್ಬರಿಗೆ ಒಂದು ರೀಡಿಂಗು. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾಲ್ಕು ಜನರ ತಂಡ. ಯಾರು ಯಾರನ್ನು ಸೇರಿಸಿಕೊಳ್ಳುತ್ತಾರೆ ಎಂಬಲ್ಲಿ ಊರು ಮತ್ತೆ ಒಳಗೆ ಬರುತ್ತದೆ. ಕಾಲೇಜಿಗೆ ಸೇರಿದ ಮೊದಲ ವಾರ ‘ನಿನ್ನ ಸಿಇಟಿ ರ‍್ಯಾಂಕ್ ಎಷ್ಟು?’ ಎಂಬ ಪ್ರಶ್ನೆ ಎಲ್ಲ ಕಡೆ ಕೇಳುತ್ತದೆ. ಕೇಳುವವರಿಗೂ ಗೊತ್ತು, ಉತ್ತರಿಸುವವರಿಗೂ ಗೊತ್ತು, ಅದು ಜಾತಿ ತಿಳಿಯುವ ಮರ್ಯಾದಸ್ಥ ದಾರಿ. ಉತ್ತರ ಕೇಳಿದ ಮೇಲೆ ಮೆಸ್ಸಿನಲ್ಲಿ ಪಕ್ಕದ ಕುರ್ಚಿ ಖಾಲಿಯಾಗುವುದನ್ನು ಎಷ್ಟೋ ಮಂದಿ ನುಂಗಿಕೊಂಡಿದ್ದಾರೆ. 2016ರಲ್ಲಿ ಹೈದರಾಬಾದಿನಲ್ಲಿ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಪ್ರಾಣ ಬಿಟ್ಟ ಮೇಲೆ ಇಂಥದ್ದನ್ನು ಮಾತನಾಡಲು ಸ್ವಲ್ಪ ಧೈರ್ಯ ಬಂತು. ಕಾಲೇಜುಗಳಲ್ಲಿ ಇಂಥ ತಾರತಮ್ಯ ತಡೆಯಲು ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ 2025ರಲ್ಲಿ ಮಸೂದೆಯೊಂದರ ಕರಡು ತಯಾರಿಸಿತು.

ಎಲ್ಲಕ್ಕೂ ಮೊದಲು ನಮ್ಮ ಕಣ್ಣೇ ಕೆಲವರನ್ನು ಒಂದು ಜಾಗದಲ್ಲಿ ಕೂರಿಸಿಬಿಡುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಬದುಕುವ ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಕರ್ನಾಟಕದಲ್ಲಿ ಬಣ್ಣ ಮತ್ತು ಜಾತಿ ಎರಡರ ಏಟೂ ಒಟ್ಟಿಗೆ ಬಿದ್ದ ಸಮುದಾಯವಿದು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಆ ಮಕ್ಕಳನ್ನು ಹುಡುಕಿಕೊಂಡು ಹೋಯಿತು: ಓಡಿಸಲು, ಪದಕ ಗೆಲ್ಲಿಸಲು. ಕೆಲವೇ ವರ್ಷಕ್ಕೆ ಆ ಯೋಜನೆಯೂ ನಿಂತಿತು. ಅವರ ಕಾಲಿನ ಬಲ ಕಂಡವರಿಗೆ ತಲೆಯ ಬಲ ಹುಡುಕಬೇಕೆಂದು ಅನ್ನಿಸಲಿಲ್ಲ. ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ.

ಹಾಸನದ ಮಕ್ಕಳಿಗೆ ತಲೆಯ ಬಲವಿಲ್ಲ ಎಂದು ಯಾರೂ ಹೇಳುವಂತಿಲ್ಲ. 2019ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 89.33 ಫಲಿತಾಂಶದೊಂದಿಗೆ ಈ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ಸೋರುವುದು ಅದರ ಮುಂದಿನ ಎರಡು ವರ್ಷಗಳಲ್ಲಿ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವಳು ಪಿಯುನಲ್ಲಿ ‘ಸೈನ್ಸ್ ತಗೊಂಡ’ ಮರುದಿನವೇ ಎಲ್ಲವೂ ಇಂಗ್ಲಿಷ್. ನಗರದ ಮಕ್ಕಳು ಆಗಲೇ ಸಿಇಟಿ, ನೀಟ್ ಕೋಚಿಂಗ್‌ನಲ್ಲಿರುತ್ತಾರೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರು ಬರುವುದೇ ತಡವಾದರೆ, ಲ್ಯಾಬಿನ ಬೀಗ ತೆಗೆಯದಿದ್ದರೆ, ಮೊದಲ ಕಿರುಪರೀಕ್ಷೆಯ ಅಂಕ ನೋಡಿ ಅವಳು ಕಲಾ ವಿಭಾಗಕ್ಕೆ ಬದಲಾಗುತ್ತಾಳೆ. ಒಬ್ಬ ವಿಜ್ಞಾನಿ ಅಲ್ಲಿ ಕಳೆದುಹೋದಳು ಎಂದು ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ಸಿಇಟಿಯಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಅದನ್ನು ಬಳಸಲು ಆ ಹುಡುಗಿ ವಿಜ್ಞಾನದಲ್ಲಿ ಉಳಿದಿರಬೇಕಲ್ಲ.

ಈಚಿನ ವರ್ಷಗಳ ಒಂದು ಒಳ್ಳೆಯ ಸಂಗತಿ, ಬಸ್ಸು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಮೂರೂ ಹಾಸನಕ್ಕೆ ಮೂವತ್ತು ನಲವತ್ತು ಕಿ.ಮೀ. ದೂರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಆ ದಾರಿ ಉಚಿತ. ಮನೆಯಲ್ಲಿ ‘ದಿನಾ ಅಷ್ಟು ದೂರ ಯಾಕೆ, ಇಲ್ಲೇ ಏನಾದರೂ ಓದು’ ಎನ್ನುವ ಮಾತಿಗೆ ಹಣದ ನೆಪ ಈಗ ಸಿಗದು. ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ಹೋಗುವ ರೈಲು 2017ರಿಂದ ಓಡುತ್ತಿದೆ. ವಿಜ್ಞಾನ ನೀತಿಯ ದಾಖಲೆಗಳಲ್ಲಿ ಬಸ್ಸು, ರೈಲಿನ ಮಾತು ಬರುವುದಿಲ್ಲ, ಬರಬೇಕು.

ಆಗಬೇಕಾದದ್ದು

ಒಂದು ಕಾಲಕ್ಕೆ ಬಾಗಿಲ ಹೊರಗಿದ್ದವರು ಈಗ ಒಳಗಿದ್ದಾರೆ. ಹಾಸನದ ರಾಜಕೀಯ, ಕಾಲೇಜುಗಳ ಆಡಳಿತ ಮಂಡಳಿ, ಗುತ್ತಿಗೆ, ಕೃಷಿ ಎಲ್ಲವೂ ಬಹುಮಟ್ಟಿಗೆ ಮಿಲ್ಲರ್ ವರದಿಯಿಂದ ಮೇಲೆ ಬಂದ ಸಮುದಾಯಗಳ ಕೈಯಲ್ಲಿದೆ. ತಮ್ಮ ಅಜ್ಜಂದಿರು 1918ರಲ್ಲಿ ಮುಂದಿಟ್ಟ ವಾದವನ್ನೇ ಇವತ್ತು ದಲಿತರು, ಅಲೆಮಾರಿಗಳು ಮುಂದಿಡುತ್ತಿದ್ದಾರೆ ಎಂಬುದನ್ನು ಅವರು ನೆನೆಯಬೇಕು. ಪರಿಶಿಷ್ಟರ ಒಳಗೂ ಇದೇ ಪ್ರಶ್ನೆ ಎದ್ದಿದೆ. 2022ರಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿ ಶೇ 15ರಿಂದ 17ಕ್ಕೆ, ಪಂಗಡದ್ದು ಶೇ 3ರಿಂದ 7ಕ್ಕೆ ಏರಿತು. 101 ಜಾತಿಗಳ ನಡುವೆ ಅದನ್ನು ಹಂಚುವ ಬಗ್ಗೆ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಆಯೋಗ ವರದಿ ಕೊಟ್ಟ ಮೇಲೆ, 2025ರ ಆಗಸ್ಟ್‌ನಲ್ಲಿ ಸಚಿವ ಸಂಪುಟ ಮೂರು ಗುಂಪುಗಳಿಗೆ ಶೇ 6, 6, 5ರ ಸೂತ್ರ ಮಾಡಿತು. ಪ್ರತ್ಯೇಕ ಪಾಲು ಸಿಗದ ಅಲೆಮಾರಿ ಸಮುದಾಯಗಳು ಬೀದಿಗಿಳಿದವು. ಅವರ ಸಿಟ್ಟಿನಲ್ಲಿ ನ್ಯಾಯವಿದೆ: ಒಬ್ಬ ಎಂಜಿನಿಯರನ್ನೂ ಕಾಣದ ಜಾತಿಗೆ ಪೈಪೋಟಿಯ ಮಾತು ಹೇಳಿ ಪ್ರಯೋಜನವಿಲ್ಲ.

ತಾಲ್ಲೂಕು ಮಟ್ಟದಲ್ಲಿ ಬೇಕಾಗಿರುವುದು ದೊಡ್ಡ ಘೋಷಣೆಗಳಲ್ಲ. ಜೂನ್‌ನಲ್ಲೇ ಪಿಯು ವಿಜ್ಞಾನದ ಉಪನ್ಯಾಸಕರು ಕಾಲೇಜಿನಲ್ಲಿರಬೇಕು. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಮೂರು ತಿಂಗಳು ಎರಡೂ ಭಾಷೆಯಲ್ಲಿ ಪಾಠ ನಡೆಯಬೇಕು. ವಿದ್ಯಾರ್ಥಿವೇತನ ಪರೀಕ್ಷೆ ಮುಗಿದ ಮೇಲಲ್ಲ, ಶುಲ್ಕ ಕಟ್ಟುವ ಮುಂಚೆ ಖಾತೆಗೆ ಬೀಳಬೇಕು. ಎಂಸಿಎಫ್‌ನ ಎಂಜಿನಿಯರುಗಳು ವಸತಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಭಾಷಣ ಮಾಡಿ ಹೋಗದೆ, ಆಯ್ದ ಮಕ್ಕಳ ಜತೆ ವರ್ಷವಿಡೀ ಇರಬೇಕು. 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹವನ್ನು ಹಾಸನದಿಂದಲೇ ನಿಭಾಯಿಸಿ ಚಾಮರಾಜನಗರದ ಹಳ್ಳಿ ಶಾಲೆಗಳಿಗೆ ಪಾಠ ತಲುಪಿಸಿದ ಸಂಸ್ಥೆಗೆ, ಮಾವಿನಕೆರೆಗೋ ಕೊಣನೂರಿಗೋ ಹೋಗಿ ಬರುವುದು ಕಷ್ಟವಾಗದು.

ದೆಹಲಿಯಲ್ಲಿ ಆಗಬೇಕಾದದ್ದು ಒಂದೇ. 1975ರ ಜೂನ್ 23ರದ್ದು ಸಂಸತ್ತು ಮಾಡಿದ ಕಾಯ್ದೆಯಲ್ಲ, ಇಲಾಖೆಯೊಂದರ ಆದೇಶ. ಇನ್ನೊಂದು ಆದೇಶದಿಂದ ಅದನ್ನು ತಿದ್ದಬಹುದು. ಈ ವರ್ಷ ಅರಕಲಗೂಡಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿದ ಹುಡುಗಿ ಪದವಿ, ಸ್ನಾತಕೋತ್ತರ, ಪಿಎಚ್.ಡಿ. ಎಲ್ಲ ಮುಗಿಸಿ ಸಂಶೋಧನಾ ಸಂಸ್ಥೆಯೊಂದರ ಸಂದರ್ಶನಕ್ಕೆ ಕೂರಲು 11ರಿಂದ 12 ವರ್ಷ ಬೇಕು. ಆದೇಶ ತಿದ್ದಲು ಸರ್ಕಾರಕ್ಕಿರುವ ಕಾಲಾವಕಾಶವೂ ಅಷ್ಟೇ.